ಕದ ಮುರದ ಕೈಗೆ ಕದದ ಕೆಲಸ

ನಮ್ಮ ಕಡೆ ಮನಿ ಕಟ್ಟಬೇಕಾದ್ರ ಗ್ವಾಡಿ ಏಳೂಕಿಂತ ಮೊದ್ಲು ತಲಬಾಗಲದ ಚೌಕಟ್ಟ ನಿಲ್ಲಿಸ್ತಾರ. ಒಳ್ಳೆ ಹೊತ್ತು ನೋಡಿ, ಒಂಬತ್ತು ಥರದ ಕಾಳು ಅರಿಷಿಣ ಬಟ್ಟ್ಯಾಗ ಗಂಟು ಕಟ್ಟಿ ಚೌಕಟ್ಟಿನ ನೆತ್ತಿಗೆ ಬಿಗದು, ಹೆಣ್ಮಕ್ಳು ಆರತಿ ಬೆಳಗತಾರ. ಆಮ್ಯಾಲ ಬಡಿಗಗ ಆಯೇರ ಮಾಡ್ತಾರ. ಆಯೇರ ಅಂದ್ರ ಏನು ದೊಡ್ಡ ದೌಲತ್ತಲ್ಲ. ಒಂದು ಧೋತರ, ಒಂದು ಟವಲ್, ತೆಂಗಿನಕಾಯಿ, ಎಲಿ ಅಡಿಕಿ. ಆದ್ರ ಅದನ್ನ ಕೈಯಾಗ ತಗೊಂಡವನೇ ಬಡಿಗ, ತಗೊಳ್ಳಾರದವ ಬರೇ ಕೂಲಿ. ನಾ ಏಳು ವರ್ಷ ಸಿಂಧನೂರಾಗ ಮಂದಿ ಮನಿಗೆ ಚೌಕಟ್ಟ ಮಾಡಿದೆ, ಒಂದು ಆಯೇರಾನೂ ತಗೊಂಡಿದ್ದಿಲ್ಲ. ಯಾಕಂದ್ರ ನಾ ಕದ ಮುರದು ಜೈಲಿಗೆ ಹೋಗಿ ಬಂದವ.

ಅದನ್ನ ಮೊದ್ಲೇ ಹೇಳಿ ಮುಗಸ್ತೀನಿ, ಇಲ್ಲಾಂದ್ರ ಕೇಳೋರ ಕಿವಿ ಅಲ್ಲೇ ಸಿಕ್ಕೊಂಡಿರ್ತೈತಿ. ಇಪ್ಪತ್ತರ ಹುಡುಗ, ಸಿಂಧನೂರಿನ ಅಕ್ಕಿ ಮಿಲ್ಲಿನ್ಯಾಗ ಹಮಾಲಿ ಮಾಡ್ತಿದ್ದೆ. ಇನ್ನಿಬ್ಬರನ್ನ ಕಟ್ಕೊಂಡು ಒಬ್ಬ ಭತ್ತದ ವ್ಯಾಪಾರಿ ಗೋದಾಮಿನ ಹಿಂದಿನ ಕದ ಮುರದೆ. ಹೊಟ್ಟಿಗಿಲ್ಲದ ಮಾಡಿದೆ ಅಂದ್ರ ಕೇಳೋರಿಗೆ ಸಮಾಧಾನ ಆಕ್ಕೈತಿ, ಆದ್ರ ಅದು ಸುಳ್ಳು. ಹೊಟ್ಟಿಗಿತ್ತು. ಸೊಕ್ಕೂ ಇತ್ತು. ಮೂರನೇ ದಿನಕ್ಕ ಸಿಕ್ಕಿಬಿದ್ವಿ, ಎರಡೂವರಿ ವರ್ಷ ಶಿಕ್ಷಾ ಆತು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಉಂಡೆ.

ಜೈಲಿನ್ಯಾಗ ಬಡಿಗತನ ಕಲಸ್ತಿದ್ರು. ಸರಕಾರಿ ಕಚೇರಿಗೆ ಮೇಜು, ಕುರ್ಚಿ, ಬೆಂಚು ಅಲ್ಲೇ ತಯಾರಾಗ್ತಿದ್ವು. ಮೊದಲ ಆರು ತಿಂಗಳು ಬರೇ ಗರಗಸ ಎಳದೆ. ಆಮ್ಯಾಲ ಉಳಿ ಕೊಟ್ರು. ಕಟಗಿ ನನ್ನ ಮಾತ ಕೇಳತೈತಿ ಅಂತ ತಿಳದ ದಿನ ನಂಗ ಭಾಳ ಖುಷಿ ಆತು, ಅಲ್ಲಿ ಮಟ ನನ್ನ ಮಾತ ಯಾರೂ ಕೇಳಿದ್ದಿಲ್ಲ. ಆದ್ರ ದಿನಾ ಸಂಜಿಗೆ ಒಂದು ಕಟ್ಟಳಿ ಇತ್ತು. ಔಜಾರೆಲ್ಲ ಸಾಲಾಗಿ ಇಟ್ಟು, ಒಬ್ಬೊಬ್ಬರೇ ಬಾಗಲದಾಗ ನಿಂತು, ಎರಡೂ ಕೈ ಮುಂದ ಚಾಚಿ ಅಂಗೈ ತೋರಿಸ್ಬೇಕು. ಉಳಿ, ಮೊಳಿ ಏನೂ ಒಯ್ಯಾಕತ್ತಿಲ್ಲ ಅಂತ ವಾರ್ಡರ್ ನೋಡಿ 'ಹೋಗು' ಅಂದ ಮ್ಯಾಲೇ ಹೊಸ್ತಲ ದಾಟಬೇಕು. ಎರಡು ವರ್ಷ ದಿನಾ ಹಂಗ ಮಾಡಿದ್ದು ಕೈಗೆ ಹತ್ತಿಬಿಡ್ತು.

ಬಿಡುಗಡಿ ಆಗೂಮುಂದ ಒಂದು ಸರ್ಟಿಫಿಕೇಟ್ ಕೊಟ್ರು. ಬಡಿಗತನದಾಗ ಪಾಸು, ಕೆಲಸ ಉತ್ತಮ ಅಂತ ಬರದು ಕೆಳಗ ಜೈಲಿನ ಗುಂಡನ ಸಿಕ್ಕಾ ಹೊಡದಿದ್ರು. ಕೆಲಸ ಬರತೈತಿ ಅನ್ನೋಕ ಅದೊಂದೇ ಪುರಾವಿ, ಆ ಪುರಾವಿ ತೋರಿಸಿದ್ರ ಕೆಲಸ ಸಿಗಾಂಗಿಲ್ಲ. ಅದನ್ನ ನಾಕು ಮಡಚಿ ಟ್ರಂಕಿನ ತಳಕ್ಕ ಇಟ್ಟೆ.

ನಮ್ಮೂರು ಮಸ್ಕಿ. ಅಲ್ಲಿ ಕೇಳೂದೇ ಬ್ಯಾಡ, ನನ್ನ ಖಬರು ನನಗಿಂತ ಮೊದ್ಲೇ ಬಸ್ಸಿಳದಿತ್ತು. ಸಂತಿ ದಿನ ನಾ ಹೋದ್ರ ಗುರುತಿನವರು ಬದನಿಕಾಯಿ ಆರಿಸೋದ್ರಾಗ ಮುಳುಗಿಬಿಡ್ತಿದ್ರು. ಬಡಿಗೇರ ಓಣಿಗೆ ಹೋದ್ರ ಇನ್ನೊಂದು ತೊಡಕು. ನಮ್ಮ ಮನಿತನ ಬಡಿಗೇರದಲ್ಲ. ನಿಮ್ಮಪ್ಪ ಬಾಚಿ ಹಿಡದಾನೇನು, ನಿಮ್ಮಜ್ಜ ಹಿಡದಾನೇನು, ಮತ್ತ ನೀ ಎಲ್ಲಿ ಕಲ್ತಿ ಅಂತ ಕೇಳ್ತಿದ್ರು. ಸುಮ್ನ ಕೇಳೋ ಮಾತೇ ಅದು, ಅವರ ತಪ್ಪಿಲ್ಲ. ನಂಗ ಮಾತ್ರ ಅದಕ್ಕ ಉತ್ತರ ಇರ್ಲಿಲ್ಲ.

ಉತ್ತರ ಇಲ್ಲಾಂದ್ರ ಸುಳ್ಳು ಹೇಳಬೇಕು. ಲಿಂಗಸೂಗೂರಿಗೆ ಹೋಗಿ ಒಂದು ಫರ್ನಿಚರ್ ಅಂಗಡ್ಯಾಗ, ಹುಬ್ಬಳ್ಳ್ಯಾಗ ಕಲ್ತೀನ್ರಿ ಅಂದೆ. ಮಾಲಕ ಒಂದು ಸ್ಟೂಲ್ ಮಾಡಿಸಿ ನೋಡಿ ಇಟ್ಕೊಂಡ. ಮೊದಲನೇ ದಿನ ಸಂಜಿಗೆ ಔಜಾರ ಸಾಲಾಗಿ ಇಟ್ಟು ಬಾಗಲಕ್ಕ ಬಂದೆ ನೋಡ್ರಿ, ಎರಡೂ ಕೈ ತಾವೇ ಮುಂದ ಹೋದ್ವು. ಇದೇನಪಾ ಅಂತ ಮಾಲಕ ನಕ್ಕ. ನಮ್ಮ ಹುಬ್ಬಳ್ಳಿ ಮೇಸ್ತ್ರಿ ಹಂಗ ಕಲಸ್ಯಾರ್ರಿ, ಕೈಗೆ ಗಾಯ ಆಗಿದ್ರ ನೋಡ್ತಿದ್ರು ಅಂದೆ. ಒಳ್ಳೆ ಮೇಸ್ತ್ರಿ ಅಂದ. ಎಂಟು ತಿಂಗಳು ಆ ಮೇಸ್ತ್ರಿ ಪುಣ್ಯದಾಗ ಉಂಡೆ.

ಒಂದಿನ ಅಂಗಡ್ಯಾಗ ಒಬ್ಬ ಮುದುಕ ಕುಂತು ಚಹಾ ಕುಡ್ಯಾಕತ್ತಿದ್ದ. ಮಾಲಕನ ಹೆಣ್ತಿ ಕಡೆ ಬೀಗ, ಮಗಳಿಗೆ ಮಂಚ ಹೇಳಾಕ ಬಂದಿದ್ದ. ಸಂಜಿ ಆತು, ನಾ ಬಾಗಲಕ್ಕ ಬಂದು ಕೈ ಚಾಚಿದೆ. ಮುದುಕ ಬಸಿ ಕೆಳಗಿಟ್ಟ. ನನ್ನ ಕೈ ನೋಡಿದ, ಮುಖ ನೋಡಿದ.

"ಯಾವ ಬ್ಯಾರಕ್ಕಪಾ ನಿಂದು?" ಅಂದ.

ರಿಟೈರ್ ಆದ ವಾರ್ಡರ್ ಅವ. ಸಿಟ್ಟಿಲೆ ಕೇಳ್ಲಿಲ್ಲ, ಊರವರು ಯಾವ ಓಣಿ ಅಂತ ಕೇಳಿದಂಗ ಕೇಳಿದ. ನನ್ನ ಬಾಯಿಂದ ಬ್ಯಾರಕ್ಕಿನ ನಂಬರ್ ಬಂದೇಬಿಡ್ತು, ಅಂಥಾ ಮೂಳ ನಾನು. ಮರುದಿನ ಮಾಲಕ ಪಗಾರ ಬರಾಬರ್ ಕೊಟ್ಟು, ಅಂಗಡಿಗೆ ಹೆಣ್ಮಕ್ಳು ಬರ್ತಾರ ತಮ್ಮಾ, ತಪ್ಪು ತಿಳಕೋಬ್ಯಾಡ ಅಂದ. ತಪ್ಪು ತಿಳಕೊಂಡೆ. ದಾರಿ ತುಂಬ ಬೈಕೋತ ಬಂದೆ, ಅವಂಗಲ್ಲ, ನನ್ನ ಕೈಗೆ.

ಇನ್ನ ಸುಳ್ಳು ಹೇಳೂದಿಲ್ಲ ಅಂತ ಸಿಂಧನೂರಿಗೆ ಹೋದೆ. ಧರ್ಮಕ್ಕಲ್ಲ. ಸುಳ್ಳು ಹೇಳಿ ಎಂಟು ತಿಂಗಳು ಉಂಡು ಉಗುಳಿಸ್ಕೊಳ್ಳೋದಕ್ಕಿಂತ ಮೊದ್ಲೇ ಉಗುಳಿಸ್ಕೊಂಡು ಬ್ಯಾರೆ ಊರಿನ ಬಸ್ಸು ಹತ್ತೋದು ಸಸ್ತಾ ಅನಿಸ್ತು. ಕಾಲವಿ ನೀರಿನ ಭತ್ತ ಊರಿಗೆ ರೊಕ್ಕ ತಂದಿತ್ತು, ಹಳ್ಳಿಹಳ್ಳ್ಯಾಗ ಮಣ್ಣಿನ ಮನಿ ಕೆಡವಿ ಹೊಸಾವು ಕಟ್ಟಾಕತ್ತಿದ್ರು. ಅಲ್ಲೊಬ್ಬ ವಯಸ್ಸಾದ ಮೇಸ್ತ್ರಿ, ಅಪ್ಪ ಅಜ್ಜನ ಕಾಲದಿಂದ ಬಡಿಗತನ, ಕೈ ತುಂಬ ಕೆಲಸ, ಮೊಳಕಾಲಾಗ ನೋವು. ಅವರ ಮುಂದ ಸರ್ಟಿಫಿಕೇಟ್ ಬಿಚ್ಚಿಟ್ಟೆ. ಓದಿದ್ರು. ಏನ್ ಮಾಡಿ ಹೋಗಿದ್ದಿ ಅಂದ್ರು. ಕದ ಮುರದಿದ್ದೆ ಅಂದೆ.

"ಕದ ಎಲ್ಲಿ ಸೋಲತೈತಿ ಅಂತ ಗೊತ್ತಿರ್ಬೇಕಲ್ಲ ಮತ್ತ. ತೋರ್ಸು."

ಅಲ್ಲೇ ಒರಗಿಸಿದ್ದ ಒಂದು ಹೊಸ ಕದದ ಬಿಜಾಗರಿ ಮ್ಯಾಲ ಬೆರಳು ಇಟ್ಟೆ. ಮಂದಿ ರೊಕ್ಕೆಲ್ಲ ಕೀಲಿಗೆ ಸುರೀತಾರ, ಕದ ತಿರುಗೋ ಬಿಜಾಗರಿಗೆ ಗಿಡ್ಡ ಸ್ಕ್ರೂ ಹಾಕಿ ಕೈ ತೊಳಕೊಂತಾರ. ಕೀಲಿ ಹಂಗೇ ಇರ್ತೈತಿ, ಕದ ಬಂದುಬಿಡ್ತೈತಿ. ಮೇಸ್ತ್ರಿ ಆ ಕದ ಹಾಕಿದ ತಮ್ಮ ಕೂಲಿಯವಂಗ ಹಿಡದು ಬೈದ್ರು, ನಂಗ ನಾಳಿಂದ ಬಾ ಅಂದ್ರು. ಕರಾರು ಒಂದೇ. ಕೆಲಸ ಅಂಗಡ್ಯಾಗ. ಮಂದಿ ಮನಿ ಹೊಸ್ತಲಕ್ಕ ಹೋಗಾಂಗಿಲ್ಲ. ಕದ ಹಾಕೋ ಬಡಿಗಗ ಮನಿ ಒಳಗಿಂದೆಲ್ಲ ಗೊತ್ತಾಗ್ತೈತಿ, ಪೆಟಗಿ ಎಲ್ಲೈತಿ, ಕಿಡಕಿ ಎಷ್ಟು ಗಟ್ಟಿ ಐತಿ ಅಂತ. ನಾಳೆ ಏನರ ಆದ್ರ ನನ್ನ ಹೆಸರು ಕೆಡತೈತಿ ಅಂದ್ರು. ಅವರ ಜಾಗಾದಾಗ ನಾ ಇದ್ರೂ ಅದನ್ನೇ ಅಂತಿದ್ದೆ. ಕೆಲಸದ ಮೊದಲನೇ ದಿನ ಸಂಜಿಗೂ ನನ್ನ ಕೈ ಮುಂದ ಹೋದ್ವು. ಮೇಸ್ತ್ರಿ ನೋಡಿ, ಕೈ ಇಳಸು, ಬಸ್ಸು ತಪ್ಪತೈತಿ ಅಂದ್ರು, ಅಷ್ಟೇ.

ಹಂಗ ಏಳು ವರ್ಷ. ಚೌಕಟ್ಟ ಕೆತ್ತವ ನಾನು, ಟ್ರ್ಯಾಕ್ಟರಿನ್ಯಾಗ ಕುಂತು ಹೋಗಿ ನಿಲ್ಲಿಸಿ ಆಯೇರ ತರೋರು ಮೇಸ್ತ್ರಿ. ಗೆದ್ದಲ ಕಟ್ಟಿದ ಹುತ್ತ ಹಾವಿಗೆ ಮನಿ ಅಂತ ಒಳಗೊಳಗ ಕುದೀತಿದ್ದೆ. ಒಮ್ಮೆ ಅವರು ಆಯೇರದಾಗಿನ ಟವಲ್ ನಂಗ ಕೊಟ್ರು, ನಿನ್ನ ಕೆಲಸದ್ದೇ ಇದು ಅಂದ್ರು. ಅವರ ಕಣ್ಣ ಮುಂದೇ ಅದ್ರಲೆ ಅಂಟಿನ ಡಬ್ಬಿ ಒರಸಿದೆ. ಮತ್ತೊಮ್ಮೆ ಅವರು ಕೊಡ್ಲಿಲ್ಲ. ಊರಾಗ ಎಲ್ಲೆರ ಕಳುವಾದ್ರ ಪೊಲೀಸರು ಬಂದು ಕರಕೊಂಡು ಹೋಗಿ ಕುಂದ್ರಿಸ್ತಿದ್ರು. ಮೇಸ್ತ್ರಿ ಬಂದು, ಇವ ಅವತ್ತು ನನ್ನ ಅಂಗಡ್ಯಾಗ ಇದ್ದ ಅಂತ ಹೇಳಿ ಬಿಡಿಸ್ಕೊಂಡು ಬರ್ತಿದ್ರು. ಭರೋಸಾ ಅಷ್ಟಿತ್ತು. ಹೊಸ್ತಲ ಮಾತ್ರ ಇಲ್ಲ.

ತೊಂಬತ್ತನೇ ಇಸ್ವಿ ಸುಮಾರಿಗೆ ಮುಕ್ಕುಂದದಿಂದ ಒಬ್ಬ ಮುದುಕಿ ಬಂದು ಬಾಗಲಕ್ಕ ಹೇಳಿ ಹೋದಳು. ಗಂಡ ತೀರಿದ್ದ, ಭತ್ತದ ಹೊಲ ತಾನೇ ಮಾಡಿಸ್ತಿದ್ದಳು. ಮಾತು ಕಮ್ಮಿ. ಸಾಗವಾನಿ ತೊಲಿಗಳನ್ನ ಉಗುರಿಲೆ ಕೆರದು ನೋಡಿ ಆರಿಸಿದಳು. ಚೌಕಟ್ಟ ನಾನೇ ಮಾಡಿದೆ, ನೆತ್ತಿಪಟ್ಟಿಗೆ ಎರಡು ಗಿಳಿ ಕೆತ್ತಿದೆ. ನಿಲ್ಲಿಸೋ ದಿನ ಬೆಳಿಗ್ಗಿ ನೋಡಿದ್ರ ಮೇಸ್ತ್ರಿ ಮೊಳಕಾಲು ಬಾತು ಕುಂಬಳಕಾಯಿ ಆಗಿತ್ತು, ಹಾಸಿಗಿ ಬಿಟ್ಟು ಏಳಾಕ ಆಗ್ಲಿಲ್ಲ. ಹೊತ್ತು ಮುಂದ ಹಾಕಾಂಗಿಲ್ಲ. ನೀನೇ ಹೋಗು ಅಂದ್ರು. ಕೇಳಿದ್ರ ನನ್ನ ಅಣ್ಣನ ಮಗ ಅಂತ ಹೇಳು ಅಂದ್ರು. ಔಜಾರದ ಚೀಲ ಹೆಗಲಿಗೆ ಹಾಕ್ಕೊಂಡು ಟ್ರ್ಯಾಕ್ಟರ್ ಹತ್ತಿದೆ.

ಮುಕ್ಕುಂದದಾಗ ಎಲ್ಲಾ ತಯಾರಿತ್ತು. ಮಂದಿ ನೆರದಿತ್ತು, ಆರತಿ ತಾಟು ಬಂದಿತ್ತು. ಮುದುಕಿ ಮೈದುನ ಹಿಂದಕ ಸಿಂಧನೂರಾಗ ನನ್ನ ಜೋಡಿ ಹಮಾಲಿ ಮಾಡಿದವ. ಗುರ್ತು ಹಿಡದ. ಇವ ಬಡಿಗೇರವನಲ್ಲ, ಗೋದಾಮಿನ ಕದ ಮುರದು ಜೈಲಿಗೆ ಹೋಗಿದ್ದವ, ಇವನ ಕೈಲೆ ಹೊಸ್ತಲ ಇಡಸ್ತೀರೇನು ಅಂತ ಎಲ್ಲರ ಮುಂದ ಕೇಳಿದ. ಹೆಣ್ಮಕ್ಳ ಹಾಡು ನಿಂತುಬಿಡ್ತು. ಅಣ್ಣನ ಮಗ ಅನ್ನೋ ಮಾತು ನನ್ನ ನಾಲಿಗಿ ತುದಿಗೆ ಬಂದು ಅಲ್ಲೇ ಉಳೀತು. ಮುದುಕಿ ನನ್ನ ಕಡೆ ತಿರುಗಿದಳು.

"ಹೌದೇನಪಾ?"

"ಹೌದ್ ಯವ್ವಾ."

"ಈ ಚೌಕಟ್ಟ ಮಾಡಿದವ್ರು ಯಾರು?"

"ನಾನೇ ಯವ್ವಾ."

"ಮತ್ತ ನಿಲ್ಸು. ಹೊತ್ತು ಮೀರಾಕತ್ತೈತಿ."

ಆಕಿ ನನ್ನ ಮ್ಯಾಲ ಕನಿಕರ ಪಟ್ಟಳು ಅಂತ ನಾ ಹೇಳಾಂಗಿಲ್ಲ. ಹೊತ್ತು ಮೀರ್ತಿತ್ತು, ಖರೇನೇ. ನಿಲ್ಲಿಸಿದೆ. ತೂಕದ ದಾರ ಬಿಟ್ಟು ನೋಡಿದೆ, ಕೂದಲೆಳಿ ವಾರಿ ಇರ್ಲಿಲ್ಲ. ಆರತಿ ಆತು. ಆಯೇರದ ಹೊತ್ತಿಗೆ ಮೈದುನ ಮತ್ತ ಅಡ್ಡ ಬಂದ. ಅದನ್ನ ಸಿಂಧನೂರಿಗೆ ಮೇಸ್ತ್ರಿ ಮನಿಗೆ ಕಳಸೋಣು, ಇವನ ಕೈಯಾಗ ಬ್ಯಾಡ ಅಂದ. ಕದ ಕೂಡ್ಲಿ ಮೊದ್ಲು, ಆಮ್ಯಾಲ ನೋಡಿದ್ರಾತು ಅಂತ ಮುದುಕಿ ತಾಟು ಒಳಗಿಟ್ಟಳು. ನಾ ಬರಿಗೈಲೆ ಬಂದೆ. ಅವತ್ತು ಬಸ್ಸಿನ್ಯಾಗ ಕಣ್ಣಾಗ ನೀರು ಬಂದ್ವು, ನಾಚಿಕಿ ಬಿಟ್ಟು ಹೇಳ್ತೀನಿ.

ಗ್ವಾಡಿ ಎದ್ದು ಮಾಳಿಗಿ ಬಿದ್ದ ಮ್ಯಾಲ ಕದ ಹಾಕಾಕ ನಾನೇ ಹೋದೆ. ಚೌಕಟ್ಟ ನಿಲ್ಲಿಸಿದವನೇ ಕದ ಹಾಕ್ಲಿ ಅಂತ ಮುದುಕಿ ಹೇಳಿಕಳಿಸಿದ್ದಳಂತ. ಹಳೇ ಮನಿ ಕೆಡವಿದ್ದಕ್ಕ ಸಾಮಾನೆಲ್ಲ ಆಗಲೇ ಹೊಸ ಮನ್ಯಾಗ ಬಂದಿತ್ತು. ದೊಡ್ಡ ಬಿಜಾಗರಿ, ಉದ್ದ ಸ್ಕ್ರೂ ಹಾಕಿ, ಒಳಗಡೆ ಬೇವಿನ ಅಗಳಿ ಕೂಡ್ಸಿದೆ. ಒಳಗಿಂದ ಅಗಳಿ ಹಾಕಿ ನೋಡಪಾ, ಹೊರಗಿಂದ ನಾವು ದೂಡಿ ನೋಡ್ತೀವಿ ಅಂದಳು ಮುದುಕಿ. ಮೈದುನ ನನ್ನ ಜೋಡಿ ಒಳಗ ಬರಾಕ ಹೆಜ್ಜಿ ಇಟ್ಟ. "ನೀ ಹೊರಗ ಬಾ," ಅಂದಳು ಆಕಿ.

ಒಳಗ ಹೋಗಿ ಅಗಳಿ ಹಾಕಿದೆ. ಮನಿಯವರೆಲ್ಲ ಹೊರಗ, ನಾ ಒಬ್ಬನೇ ಒಳಗ. ಮೂಲ್ಯಾಗ ಕಬ್ಬಣದ ಪೆಟಗಿ ಇತ್ತು, ಅದಕ್ಕೊಂದು ಸಣ್ಣ ಕೀಲಿ. ನನ್ನ ಉಳಿಗೆ ಅದು ಒಂದು ಏಟು, ಅದು ನಂಗ ಗೊತ್ತಿತ್ತು. ಅದು ಗೊತ್ತೈತಿ ಅಂತ ಆಕಿಗೂ ಗೊತ್ತಿತ್ತು. ಹೊರಗಿಂದ ಮೈದುನ ಹೆಗಲು ಕೊಟ್ಟು ಮೂರು ಸಲ ದೂಡಿದ, ಕದ ಅಲಗಾಡ್ಲಿಲ್ಲ. ನೋಡೋ ಕೆಲಸ ಮುಗದಿತ್ತು. ಆದ್ರೂ ನಾ ಲಗೂನ ತಗೀಲಿಲ್ಲ, ಕದಕ್ಕ ಬೆನ್ನ ಹಚ್ಚಿ ಹಂಗ ಒಂದೀಟು ನಿಂತೆ. ಹೊರಗ ಯಾರೂ ಕೂಗ್ಲಿಲ್ಲ.

ಆಮ್ಯಾಲ ಅಗಳಿ ಸರಿಸಿ, ಕದ ತಗದು ಹೊಸ್ತಲದ ಮ್ಯಾಲ ಬಂದೆ. ಎದುರಿಗೆ ಎಲ್ಲರೂ ನಿಂತಾರ. ಕೈ ತಾವೇ ಮುಂದ ಹೋದ್ವು, ಎರಡೂ ಅಂಗೈ ಮ್ಯಾಲ. ಗೊತ್ತಾಗಿ ಹಿಂದ ತಗೋಬೇಕು ಅನ್ನೂದ್ರಾಗ ಮುದುಕಿ ಆ ಅಂಗೈ ನೋಡಿಬಿಟ್ಟಿದ್ದಳು. ಒಳಗ ಹೋಗಿ ತಾಟು ತಂದಳು. ಧೋತರ, ಟವಲ್, ಎಲಿ ಅಡಿಕಿ ಒಂದೊಂದಾಗಿ ನನ್ನ ಕೈಯಾಗ ಇಟ್ಟು, ಮ್ಯಾಲ ತೆಂಗಿನಕಾಯಿ ಇಟ್ಟಳು. ಕಾಯಿ ಭಾರಕ್ಕ ನನ್ನ ಕೈ ಇಳದ್ವು.

"ತಗೊಂಡು ಹೋಗಪಾ," ಅಂದಳು. "ಇದನ್ನ ಬಾಗಲದಾಗ ಯಾರೂ ಕೇಳಾಂಗಿಲ್ಲ."

ನನ್ನ ಕೈ ಚಾಚಿದ್ದು ಯಾಕ ಅಂತ ಆಕಿಗೆ ಹೆಂಗ ತಿಳೀತೋ, ನಾ ಕೇಳ್ಲಿಲ್ಲ. ಮೈದುನ ಬ್ಯಾರೆ ಕಡೆ ನೋಡ್ಕೋತ ನಿಂತಿದ್ದ. ಡಾಂಬರ ರಸ್ತಿ ತನಕ ನಡದು ಬಸ್ಸು ಹತ್ತಿದೆ. ಹೆಗಲಿಗೆ ಔಜಾರದ ಚೀಲ ಇತ್ತು, ಅದ್ರಾಗ ಜಾಗಾನೂ ಇತ್ತು. ಕಂಡಕ್ಟರ್ ನೋಡಿ, ಕಾಯಿ ಚೀಲದಾಗ ಹಾಕ್ಕೋರಿ, ಕೈ ನೋಯ್ತಾವು ಅಂದ. ಇರ್ಲಿ ಬಿಡ್ರಿ ಅಂದೆ. ಸಿಂಧನೂರು ಬರೂ ತನಕ ಎರಡೂ ಕೈಯಾಗೇ ಹಿಡ್ಕೊಂಡು ಕುಂತಿದ್ದೆ.