ಮೂರನೇ ಮೊಳೆಯ ಗಾಂಧೀಜಿ

ಕರಿಬಸವರಾಜನ ಕಣ್ಣಿಗೆ ಜಗತ್ತಿನಲ್ಲಿ ಇರುವುದು ಎರಡೇ ಜಾತಿ: ನೆಟ್ಟಗಿರುವುದು, ವಾಲಿರುವುದು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ದೇಶಭಕ್ತರು, ತೀರಿಕೊಂಡ ಅಜ್ಜಂದಿರು, ನಮ್ಮ ಕಡೆ ಯಾರು ಗಾಜಿನೊಳಗೆ ಹೋಗಬೇಕಾದರೂ ಅವನ ಕೈಯಿಂದಲೇ.

ಕೂತಲ್ಲಿ ಕೂರುವ ಆಸಾಮಿಯಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತಾನೆ. ಒಂದು ಫೋಟೋ ಚೂರು ಓರೆಯಾಗಿದ್ದರೂ ಮೈಮೇಲೆ ಇರುವೆ ಹರಿದವನಂತೆ ಒದ್ದಾಡಿ, ಕೊನೆಗೆ ಎದ್ದು ಸರಿ ಮಾಡಿಯೇ ತೀರುತ್ತಾನೆ. ನಮ್ಮ ಮನೆಯಲ್ಲಿ ನನ್ನ ಮದುವೆ ಫೋಟೋ ನೆಟ್ಟಗೆ ಮಾಡಿದಾಗ ನನ್ನ ಹೆಂಡತಿ, "ಹಂಗೇ ಒಳಗಿರೋರನ್ನೂ ಒಂಚೂರು ನೆಟ್ಟಗೆ ಮಾಡ್ರಿ" ಎಂದಿದ್ದಳು.

ಇವನು ಸ್ಟೂಲಿನ ಮೇಲೆ ನಿಂತು ಅತ್ತಿತ್ತ ಕುಣಿಯುವಾಗ ಕೆಳಗೆ ಸ್ಟೂಲು ಹಿಡಿಯುವವಳು ಮಗಳು ಹಾಲಮ್ಮ. ಲಂಗ ಉಡುವ ವಯಸ್ಸಿನಿಂದ ಅವಳಿಗೆ ಅದೇ ಕೆಲಸ. ಈಗ ಮದುವೆಗೆ ಬಂದಿದ್ದಳು. ಅಪ್ಪನ ಚಾಳಿಯಿಂದ ಎರಡು ಸಂಬಂಧ ಆಗಲೇ ಮುರಿದಿದ್ದವು. ಮೊದಲನೆಯ ಮನೆಯಲ್ಲಿ ಇವನು ನೆಟ್ಟಗೆ ಮಾಡಲು ಹೋದ ಅಜ್ಜಿಯ ಫೋಟೋ ವರನ ಸೋದರಮಾವನ ಕಾಲ ಮೇಲೆ ಬಿತ್ತು. ಎರಡನೆಯವರಿಗೆ, ಕೇಳದಿದ್ದರೂ, "ನಿಮ್ಮ ಮನೆದೇವ್ರು ಸೊಟ್ಟ ಐತಲ್ರೀ" ಎಂದುಬಿಟ್ಟ.

ಎಂಬತ್ತೆರಡನೇ ಇಸವಿಯಲ್ಲಿ ಹರಿಹರದಿಂದ ಮೂರನೇ ಸಂಬಂಧ ಬಂತು. ಹುಡುಗ ಕಾರ್ಖಾನೆಯಲ್ಲಿ ಫಿಟ್ಟರು. ಕರಿಬಸವರಾಜನ ಹೆಂಡತಿ ಓಬವ್ವ ನನ್ನ ಹತ್ತಿರ ಬಂದು, "ಮೇಷ್ಟ್ರೇ, ನೀವೂ ಜೊತಿಗೆ ಹೋಗ್ರಿ. ಹುಡುಗ ಹೆಂಗದಾನೆ ಅಂತ ನೋಡ್ಕಂಡು ಬರ್ರಿ. ನೀವು ಮಾತಾಡೋದೇನು ಬ್ಯಾಡ, ಇವ್ರ ಕೈ ಹಿಡ್ಕಂಡು ಕೂಡ್ರಿ ಸಾಕು" ಎಂದಳು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಮಾತಾಡಬೇಡ ಎಂಬ ಸಲಹೆ ನನ್ನ ವಿದ್ಯಾರ್ಥಿಗಳಿಂದಲೂ ಬಂದಿತ್ತು.

ವರನ ಅಪ್ಪ ಮಲ್ಲೇಶಪ್ಪ ಕಾರ್ಖಾನೆಯ ಆಫೀಸಿನಿಂದ ನಿವೃತ್ತರಾದವರು. ನಡುಮನೆಗೆ ಕಾಲಿಡುತ್ತಲೇ ನಾನು ಕರಿಬಸವರಾಜನ ಕೈ ಹಿಡಿದುಕೊಂಡೆ. ಗೋಡೆ ತುಂಬ ಫೋಟೋ! ಅವೂ ಒಂದೊಂದು ಎತ್ತರದಲ್ಲಿ, ಏಣಿಯ ಮೆಟ್ಟಿಲಿನಂತೆ.

"ಜಗತ್ತಿನ ಮೇಲೆ ಹೆಚ್ಚು ಪ್ರಭಾವ ಬೀರಿದೋರು" ಎಂದರು ಮಲ್ಲೇಶಪ್ಪ. "ಪ್ರಭಾವ ಹೆಚ್ಚಿದಷ್ಟೂ ಮೊಳೆ ಮ್ಯಾಲೆ. ಓದ್ತೀನಿ, ಯೋಚನೆ ಮಾಡ್ತೀನಿ, ಬದಲಾಯಿಸ್ತೀನಿ."

ತುತ್ತತುದಿಯ ಮೊಳೆಗಾಗಿ ಬುದ್ಧನಿಗೂ ಬಸವಣ್ಣನಿಗೂ ತಿಂಗಳಿಗೊಮ್ಮೆ ಅದಲುಬದಲು. ಇಬ್ಬರೂ ಆ ಜಾಗ ಕೇಳಿದವರಲ್ಲ ಬಿಡಿ. ಮೂರನೇ ಮೊಳೆಗೆ ಗಾಂಧೀಜಿ. ತೀರ ಕೆಳಗೆ, ಬಾಗಿಲ ಪಕ್ಕದಲ್ಲಿ, ನ್ಯೂಟನ್.

ಉಪ್ಪಿಟ್ಟು ಬಂತು. ನಾನು ಕರಿಬಸವರಾಜನ ಬಲಗೈ ಹಿಡಿದೇ ಕೂತಿದ್ದೆ, ಅವನು ಎಡಗೈಯಲ್ಲಿ ಚಮಚ ಅಲ್ಲಾಡಿಸುತ್ತಿದ್ದ. ಗೋಡೆಯಿಂದ ಕಣ್ಣು ಕೀಳಲಿಲ್ಲ. ಮಂಡಿ ಹೊಲಿಗೆ ಯಂತ್ರದಂತೆ ಕುಣಿಯುತ್ತಿತ್ತು.

"ನಿಮ್ಮ ಅಭಿಪ್ರಾಯ ಏನ್ರಿ, ಬೀಗ್ರೇ?" ಎಂದರು ಮಲ್ಲೇಶಪ್ಪ.

ಬೀಗರೇ! ಆಗಲೇ ಆ ಮಾತು ಬಂದಿತ್ತು. ಸುಮ್ಮನೆ "ಭಾಳ ಚಲೋ ಐತ್ರಿ" ಎಂದಿದ್ದರೆ ಎದ್ದು ಬರಬಹುದಿತ್ತು.

"ಗಾಂಧೀಜಿ ಎಡಕ್ಕೆ ವಾಲಿದಾರ್ರಿ" ಎಂದ ಕರಿಬಸವರಾಜ.

ಮಲ್ಲೇಶಪ್ಪನವರ ಕೈಯ ಲೋಟ ನಿಂತಿತು. ಕಾರ್ಖಾನೆಯ ಮುಷ್ಕರದಲ್ಲಿ ಕೆಂಬಾವುಟದವರು ಅವರನ್ನು ದಿನವಿಡೀ ಆಫೀಸಿನಿಂದ ಹೊರಗೆ ಬಿಟ್ಟಿರಲಿಲ್ಲವಂತೆ. ಎಡ ಎಂದರೆ ಊಟದೆಲೆಯ ಎಡವೂ ಅವರಿಗೆ ಆಗದು.

"ಗಾಂಧೀಜಿ? ಎಡಕ್ಕೆ? ಯಾವಾಗಿಂದ?"

"ನಾವು ಬಂದಾಗ್ಲೇ ಒಂಚೂರು ಇತ್ರಿ. ಈಗ ಜಾಸ್ತಿ ಆಗೈತೆ."

"ಏನ್ರಿ, ಮೇಷ್ಟ್ರೇ, ಇವ್ರು ಹೇಳೋದು?"

ಇತಿಹಾಸದ ಪ್ರಶ್ನೆ ಕೇಳಿದ ಮೇಲೆ ನಾನು ಸುಮ್ಮನಿರುತ್ತೇನೆಯೇ? "ಒಂದು ದೃಷ್ಟಿಯಿಂದ ಅದೂ ನಿಜ. ಬಡವರ ವಿಷಯದಲ್ಲಿ ಗಾಂಧೀಜಿ..." ಎಂದು ಶುರು ಮಾಡಿ, ಕೈ ಬೀಸಿ ವಿವರಿಸುವ ಉತ್ಸಾಹದಲ್ಲಿ ಹಿಡಿದ ಕೈ ಬಿಟ್ಟೆ.

"ನೀವೂ ಆ ಪಾರ್ಟಿನೇ ಏನು?" ಮಲ್ಲೇಶಪ್ಪ ಎದ್ದು ನಿಂತರು.

ಅಷ್ಟರಲ್ಲಿ ಮೊಳೆ ಕಿತ್ತು ಬಂತು. ನ್ಯೂಟನ್ನನ ಕಣ್ಣೆದುರಿಗೇ ಗಾಂಧೀಜಿ ಕೆಳಗೆ ಬಿದ್ದರು. ಕರಿಬಸವರಾಜ ಉಪ್ಪಿಟ್ಟಿನ ತಟ್ಟೆ ದಾಟಿ ಹಾರಿ, ಎದೆಗವುಚಿ ಹಿಡಿದುಕೊಂಡ. ಗಾಜು ಉಳಿಯಿತು.

ಅಲ್ಲಿಗೆ ಅವನಿಗೆ ನಮ್ಮ ಯಾರ ಮೇಲೂ ಲಕ್ಷ್ಯ ಉಳಿಯಲಿಲ್ಲ. "ಗ್ವಾಡಿ ನೆನೆದು ಮೆತ್ತಗಾಗೈತ್ರಿ. ಉಳಿದೋರೂ ಬೀಳ್ತಾರೆ. ಸ್ಟೂಲು ಕೊಡ್ರಿ! ಸುತ್ತಿಗಿ!" ಯಾರೋ ಸ್ಟೂಲು ತಂದು ಹಿಡಿದರು. ಬುದ್ಧ, ಬಸವಣ್ಣ, ಎಲ್ಲರೂ ಇಳಿದರು.

"ನಲವತ್ತು ವರ್ಷ ಯೋಚನೆ ಮಾಡಿ ಏರಿಸಿದೋರನ್ನ ಎಲ್ಲಾ ಇಳಿಸಿಬಿಟ್ರಲ್ರಿ!"

"ಗ್ವಾಡಿ ನಡುವಿಗೆ ಮರದ ಪಟ್ಟಿ ಐತ್ರಿ, ಅದೊಂದೇ ಗಟ್ಟಿ" ಎಂದ ಕರಿಬಸವರಾಜ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. ಆ ಪಟ್ಟಿಗುಂಟ ಎಲ್ಲರನ್ನೂ ಒಂದೇ ಸಾಲಿಗೆ, ಒಂದೇ ಎತ್ತರಕ್ಕೆ ಹೊಡೆದು ನಿಲ್ಲಿಸಿದ. ನ್ಯೂಟನ್ನನಿಗೆ ಬಸವಣ್ಣನ ಪಕ್ಕ ಜಾಗ ಸಿಕ್ಕಿತು.

ಇನ್ನು ಬಾಗಿಲು ತೋರಿಸುತ್ತಾರೆ ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಆಗ ಅಡುಗೆಮನೆಯಿಂದ ಮಲ್ಲೇಶಪ್ಪನವರ ಹೆಂಡತಿ ತಿಪ್ಪಮ್ಮ ಬಂದು ಗೋಡೆ ನೋಡಿದರು. ಸೆರಗು ಎತ್ತಿ ಬುದ್ಧನ ಗಾಜು ಒರೆಸಿದರು. ಕೈ ಎಟುಕಿತು.

"ಏರಿಸೋರು ಇವ್ರು, ಸೊಂಟ ಮುರ್ಕಂಡು ಹತ್ತಿ ಧೂಳು ಒರಸೋಳು ನಾನು" ಎಂದರು. "ಹುಡುಗೀನ ಶುಕ್ರವಾರ ನೋಡಾಕ ಬರ್ತೀವಿ ಅನ್ರಿ."

"ಆದ್ರೆ ಗಾಂಧೀಜಿ ಎಡಕ್ಕೆ..." ಎಂದರು ಮಲ್ಲೇಶಪ್ಪ.

"ಈಗ ನೆಟ್ಟಗದಾರಲ್ಲ, ಕೂಡ್ರಿ."

ಬಸ್ಸಿನಲ್ಲಿ ಕರಿಬಸವರಾಜ ಒಂದು ಕಡೆ ಕೂರಲಿಲ್ಲ. ಕಿಟಕಿ, ಸೀಟಿನ ತುದಿ, ಮತ್ತೆ ಕಿಟಕಿ. ದಾವಣಗೆರೆ ಕಾಣುವ ಹೊತ್ತಿಗೆ ನನ್ನ ತೋಳು ಹಿಡಿದ. "ಮೇಷ್ಟ್ರೇ, ಹುಡುಗನ್ನ ನೋಡಿದ್ರಾ?"

ನಾನು ನೋಡಿರಲಿಲ್ಲ. ನಾನು ಇವನನ್ನು ನೋಡುತ್ತಿದ್ದೆ, ಇವನು ಗೋಡೆಯನ್ನು.

ಓಬವ್ವ ಬಾಗಿಲಲ್ಲೇ ನಿಂತಿದ್ದಳು. "ಒಪ್ಪಿದ್ರು, ಶುಕ್ರವಾರ ಹುಡುಗೀನ ನೋಡೋಕೆ ಬರ್ತಾರಂತೆ" ಎಂದೆ ಅವಸರದಲ್ಲಿ.

"ಅದಿರ್ಲಿ, ಹುಡುಗ ಹೆಂಗದಾನೆ?"

ಕರಿಬಸವರಾಜ ಗೋಡೆಯ ಕಡೆ ತಿರುಗಿದ. ಅಲ್ಲಿ ಯಾವುದೂ ಓರೆಯಿರಲಿಲ್ಲ. "ಮುಖ ನೋಡ್ಲಿಲ್ಲ ಕಣೆ" ಎಂದ ಕೊನೆಗೆ. "ಸ್ಟೂಲು ಹಿಡಿದಿದ್ದನಲ್ಲ, ಅವನೇ ಇರ್ಬೇಕು. ಕೈ ನೋಡೀನಿ. ಅಷ್ಟು ಹೊತ್ತು ಕುಣಿದೆ, ಸ್ಟೂಲು ಅಲುಗಾಡ್ಲಿಲ್ಲ."

ಓಬವ್ವ ಹಣೆ ಬಡಿದುಕೊಂಡು ನನ್ನ ಕಡೆ ತಿರುಗಿದಳು. ನನ್ನ ಸರದಿ ಬಂತು ಎಂದುಕೊಂಡೆ.

"ಒಂದ್ಸಲನೂ ಅಲುಗಾಡ್ಲಿಲ್ವಾ?" ಒಳಗಿನಿಂದ ಹಾಲಮ್ಮನ ದನಿ.

"ಒಂದ್ಸಲನೂ ಇಲ್ಲ."

"ಹಂಗಾದ್ರೆ ಶುಕ್ರವಾರ ಬರಾಕ ಹೇಳವ್ವ."