ಬೇವಿಗೆ ಉಡಿ ತುಂಬಿದ್ದು

ಇಲ್ಲೇ ಕೂಡ್ರಿ, ಒಂದು ಮಾತು ಹೇಳ್ತೀನಿ. ಈ ಮರಾಠಿ ಸೀಮಿಯ ಶಿವಾಜಿನಗರದಾಗ ನಾ ಬೇವಿನ ಗಿಡದ ನೆರಳಾಗ ಹೂವು ಮಾರ್ತಿದ್ದೆ. ಊರಿನ ಕಾವು ಇಳಸಾಕ ಸರಕಾರ ಹೊಗಿ ಉಗುಳದ ಕರೆಂಟ್ ಬಸ್ಸು ತಂತು. ಅವಕ್ಕ ಚಾರ್ಜ್ ಮಾಡಾಕ ಗಿಡ ಇರೋ ಜಾಗಾನ ಬೇಕಂತ. ಗಿಡ ಕಡಿಯೂದಿಲ್ಲ, ಬೇರು ಸಮೇತ ಕಿತ್ತು ದೂರದ ರಾಂಜಣಗಾಂವದಾಗ ನೆಡ್ತೀವಿ ಅಂದ್ರು.

ಗಿಡ ಲಾರಿ ಏರಿದಾಗ ನಾ ಕುಬಸದ ಖಣದಾಗ ಅಕ್ಕಿ, ಕೊಬ್ಬರಿ ಕಟ್ಟಿ, ಮಗಳಿಗೆ ತುಂಬಿದ್ಹಂಗ ಅದರ ಉಡಿ ತುಂಬಿದೆ. ಕ್ರೇನ್ ನಡಸೋ ಯಾದಗಿರಿಯ ಮಲ್ಲಪ್ಪ ನಕ್ಕ.

“ಏನ್ ಆಯಿ, ಗಿಡಕ್ಕ ಲಗ್ನ ಮಾಡಿದೇನು?”

“ತವರು ಬಿಟ್ಟು ಹೊಂಟಾಳಪ್ಪ, ಬರೇ ಉಡೀಲೆ ಹ್ಯಾಂಗ ಕಳಸ್ಲಿ? ಬದುಕ್ತಾಳಿಲ್ಲೋ?”

ಅವನ ನಗು ನಿಂತಿತು. “ನೀರು ಹಾಕಿದ್ರ ಬದುಕ್ತಾಳ, ಆಯಿ.”

ಮಲ್ಲಪ್ಪ ಈಗ ತನ್ನ ಊರಾಗ ಟ್ರ್ಯಾಕ್ಟರ್ ಹೊಡೀತಾನ. ರಾಂಜಣಗಾಂವದ ಗಣಪತಿಗೆ ಹೋಗಿ ಬಂದವರು ಬೇವು ಚಿಗುರೇದ ಅಂತಾರ. ನಾ ಬಿಸಲಾಗ ಛತ್ರಿ ಕೆಳಗ ಹೂವು ಕಟ್ತೀನಿ. ಅತ್ತಿಮನ್ಯಾಗ ಸುಖವಾಗಿರೋ ಮಗಳು ತವರಿಗೆ ಎಲ್ಲಿ ಬರ್ತಾಳ್ರಿ?