ದೇವರಮನಿಗೆ ಚಪ್ಪಲಿ ಹಾಕ್ಕೊಂಡು ಹ್ವಾದ ಮಾಯಪ್ಪ

ನಗಬ್ಯಾಡ ಕಾಶವ್ವಾ, ನಾ ಹೇಳಿದಂಗ ಬರ್ಕೋ. ಮಾಯಪ್ಪ ಇಂಜಿನಿಯರ್ ಅಲ್ಲ, ಆರ್ಕಿಟೆಕ್ಟ್. ಇಂಜಿನಿಯರ್ ಅಂದ್ರ ಸಿಟ್ಟಾಗತಾನ. ಬೆಳಗಾವ್ಯಾಗ ಮುಂಜಾನಿ ಕಾಲೇಜಿನ್ಯಾಗ ಕಲಸೂದು, ಮಧ್ಯಾಹ್ನ ಉದ್ಯಮಬಾಗದಾಗ ಕಾರಖಾನಿ ಶೆಡ್ಡು ಕಟ್ಟಸೂದು, ಐತವಾರ ಹುಡುಗರನ್ನ ಕಟಗೊಂಡು ಹಳೇ ಮನಿ ಅಳಿಯೂದು. ಊರು ಹೆಂಗ ಬೆಳೀತು ಅಂತ ಹುಡುಕ್ತಿದ್ದ. ಊಟದ ಖಬರಿಲ್ಲ. ಕೈ ಹಿಡಿದಾಕಿ ಹೆಂಗ ಬಾಳ್ವಿ ಮಾಡಿದ್ಲೋ, ಇರಲಿ.

ಎಪ್ಪತ್ನಾಕರಾಗ ಖಾನಾಪುರಕ್ಕ ಬಂದು ನಮ್ಮ ಮನೀನೂ ಅಳದ. ಚಹಾ ಕೊಟ್ಟೆ. ಮತ್ತೊಂದ್ ವಾರಕ್ಕ ನಕ್ಷಾ ತಂದ. ನೋಡ್ತೀನಿ, ಎದುರಿನ ಗ್ವಾಡೀನ ಇಲ್ಲ! ಅಡಗಿಮನಿ, ದೇವರ ಜಗಲಿ ಮ್ಯಾಲಿನ ಬಸವಣ್ಣ, ಎಲ್ಲಾ ಬಯಲಿಗೆ ಬಂದಾವು.

"ಮನಿ ಯಾಕ ಸೀಳಿಯೋ?"

"ಸೆಕ್ಷನ್ ಅಂತಾರ್ರೀ ಅವ್ವಾರ. ಕಲ್ಲಂಗಡಿ ಕೊಯ್ದು ಒಳಗ ನೋಡಿದಂಗ."

ಆವಾಗ ನನ್ನ ಇಬ್ಬರೂ ಮಕ್ಕಳು, ನಿಮ್ಮಪ್ಪ ಗುರುಪುತ್ರಪ್ಪ, ನಿಮ್ಮ ಕಾಕಾ ಬಂಡೆಪ್ಪ ಪಾಲಿಗಾಗಿ ಕಚ್ಚ್ಯಾಡತಿದ್ರು. ನನ್ನ ಜೀಂವಾ ಹೋದ್ರೂ ಮನಿ ಒಡಿಯಾಕ ಬಿಡಾಕಿ ಅಲ್ಲ ನಾ.

"ಪಾಲು ಹಚ್ಚಂತ ಯಾವ ಮಗ ಕಳಿಸ್ಯಾನ ನಿನ್ನ?"

"ಪಾಲಲ್ರೀ! ಈ ತೊಲಿ ಗೆದ್ದಲ ತಿಂದೈತಿ. ಮಳಿ ಹಿಡಿಯೂದ್ರಾಗ ಮನಿ ಬಿಡ್ರಿ."

"ನಾ ಬಿಟ್ಟ ಮ್ಯಾಲ ನಡುವ ಗ್ವಾಡಿ ಎಬ್ಬಸಾಕ? ನಡಿ ಹೊರಗ!"

ಮಳಿ ಹಿಡೀತು. ಖಾನಾಪುರದ ಮಳಿ ನಿನಗ ಗೊತ್ತಲ್ಲ, ಹಾಸಿಗೀನೂ ಮೊಳಕಿ ಒಡಿಬೇಕು. ಒಂದ್ ದಿನ ಮಾಯಪ್ಪ ಬಸ್ಸಿಳಿದು ತೊಯ್ದ ಕೋಳಿಯಂಗ ಬಂದ. ತೊಲಿ ಕಡೆ ನೋಡಿದ, ಮಾರಿ ಬೆಳ್ಳಗಾತು. "ಹೊರಗ ಬರ್ರಿ" ಅಂದ. ನಾ ಅದರ ಕೆಳಗ ಇನ್ನೂ ಗಟ್ಟಿ ಕುಂತೆ.

ಆಮ್ಯಾಲ ನೋಡು. ರಾಡಿ ಚಪ್ಪಲ್ಯಾಗ, ಶಿವನೇ, ಈಗೂ ಎದಿ ಝಲ್ ಅಂತೈತಿ, ರಾಡಿ ಚಪ್ಪಲ್ಯಾಗ ದೇವರಮನಿ ಹೊಕ್ಕು, ಬಸವಣ್ಣನ್ನ ಬಗಲಾಗ ಇಟ್ಕೊಂಡು ಓಣಿಗೆ ಓಡಿದ!

"ಕಳ್ಳ! ದೇವರ ಕಳ್ಳ!" ನಾ ಹಿಂದ. ಬಂಡೆಪ್ಪ ಬಡಿಗಿ ಹಿಡಕೊಂಡು, ನಿಮ್ಮಪ್ಪ ಬರಿಗಾಲಾಗ, ನಿಮ್ಮವ್ವ ನಿನ್ನ ಎತಗೊಂಡು ರೊಟ್ಟಿ ಹಿಟ್ಟಿನ ಕೈಲೆ. ಬಂಡೆಪ್ಪ ಅವನ ಕಾಲರ್ ಹಿಡದಾನ, ಹಿಂದ ಧಡಲ್ ಅಂತು.

ಹೊಳ್ಳಿ ನೋಡಿದ್ವಿ. ಎದುರಿನ ಗ್ವಾಡಿ ಇಲ್ಲ. ಒಲಿ, ಹಂಚು, ಖಾಲಿ ಜಗಲಿ, ಥೇಟ್ ಅವನ ನಕ್ಷಾದಂಗ. ನಾ ಕುಂತ ಜಾಗಾದಾಗ ತೊಲಿ ಬಿದ್ದಿತ್ತು. ಬಂಡೆಪ್ಪನ ಕೈ ಕಾಲರ್ ಮ್ಯಾಲ ಹಂಗ ಉಳೀತು. ಮಾಯಪ್ಪ ಬಸವಣ್ಣನ್ನ ನನ್ನ ಕೈಯಾಗ ಇಟ್ಟ.

"ಚಪ್ಪಲಿ ಹಾಕ್ಕೊಂಡು ಹ್ವಾದೆಲ್ಲೋ" ಅಂದೆ. ಅಷ್ಟ ಬಂತು ಬಾಯಾಗ.

ಈ ಮನಿ ಅವನ ಕಟ್ಟಿಸ್ಯಾನ, ಪಾಲಾಗದಂಗ ಒಂದ ಅಡಗಿಮನಿ ಇಟ್ಟು. ಕಾಲೇಜಿನ್ಯಾಗ ಈಗ ಮೊದಲನೇ ಪಾಠ ಇದಂತ: ಮನಿ ಸೀಳೂದಕ್ಕ ಮುಂಚೆ ಮನಿ ಮುದುಕೀನ್ನ ಕೇಳ್ರಿ.

ಪೆನ್ನು ಇಡು ಇನ್ನ. ಇವತ್ತ ಹೊಸಾ ಹುಡುಗರನ್ನ ಕರಕೊಂಡು ಬರ್ತಾನ. ಬಸ್ ಸ್ಟ್ಯಾಂಡಿಗೆ ಓಡು, ಛತ್ರಿ ತಗೊಂಡು ಹೋಗು. ಚಪ್ಪಲಿ ಹೊರಗ ಬಿಟ್ಟ ಬರಬೇಕಂತ ಅಲ್ಲೇ ಹೇಳು.